ಪೆಟ್ಟು ತಿನ್ನುವ ಉದ್ಯೋಗ

ಹೊಟ್ಟೆಯ ಪಾಡಿಗಾಗಿ ಮನುಷ್ಯನು ಹಿಡಿದಿರುವ ವೃತ್ತಿಗಳನ್ನು ಎಣಿಸಿ ಮುಗಿಸುವುದು ಸಾಧ್ಯವಿಲ್ಲ. ನೇಯುವವನುಂಟು, ಬಾವಿ ತೋಡುವವನುಂಟು, ಲೆಕ್ಕ ಬರೆಯುವವನುಂಟು. ನಮ್ಮಂತೆ ಮೂರು ದಶಕಗಳಿಗೂ ಮೀರಿ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ಪಿಂಚಣಿ ಪಡೆದವನೂ ಉಂಟು. ಆದರೆ ಓಡಿಬರುವ ದೃಢಕಾಯನೊಬ್ಬನಿಗೆ ತನ್ನ ಮೈಯನ್ನು ಒಡ್ಡುವುದು, ಬೀಳುವುದು, ಎದ್ದು ಮತ್ತೆ ಒಡ್ಡುವುದು, ಇದನ್ನೇ ಹದಿನೇಳು ವರುಷ ಉದ್ಯೋಗವಾಗಿ ನಡೆಸಿ, ಅದರ ಸಲುವಾಗಿ ಅರ್ಧ ಭೂಮಂಡಲವನ್ನು ದಾಟಿ ಹೋದವನೊಬ್ಬನ ವೃತ್ತಾಂತವು ಈಚೆಗೆ ನಮ್ಮ ಗಮನಕ್ಕೆ ಬಂದಿತು. ಮನೆಯ ಹುಡುಗರು ಹಳೆಯ ಪಂದ್ಯವೊಂದರ ಚಲಚ್ಚಿತ್ರವನ್ನು ತೋರಿಸಿದ್ದೇ ಇದಕ್ಕೆ ಕಾರಣ.

ಆ ಪಂದ್ಯವು ೨೦೧೪ನೆಯ ಇಸವಿ ಅಕ್ಟೋಬರ್ ೫ರಂದು ಸಿಡ್ನಿ ಪಟ್ಟಣದಲ್ಲಿ ನಡೆದದ್ದು. ಆಸ್ಟ್ರೇಲಿಯದ ರಗ್ಬಿ ಲೀಗ್ ಸ್ಪರ್ಧೆಯ ಆ ವರುಷದ ಕಟ್ಟಕಡೆಯ ಪಂದ್ಯವದು. ಒಂದು ಪಕ್ಷ ಸೌತ್ ಸಿಡ್ನಿ, ಇನ್ನೊಂದು ಕ್ಯಾಂಟರ್ಬರಿ-ಬ್ಯಾಂಕ್ಸ್‌ಟೌನ್. ನೋಡಲು ನೆರೆದವರು ಎಂಬತ್ತುಮೂರು ಸಾವಿರಕ್ಕೂ ಹೆಚ್ಚು ಜನ. ಆಟವು ಮೊದಲಾದೊಡನೆ ಸೌತ್ ಸಿಡ್ನಿಯ ಸ್ಯಾಮ್ ಬರ್ಜೆಸ್ ಎಂಬುವನು ಚೆಂಡನ್ನು ಅವಚಿಕೊಂಡು ನೇರವಾಗಿ ನುಗ್ಗಿದನು. ಎದುರು ಪಕ್ಷದ ಜೇಮ್ಸ್ ಗ್ರೇಹಮ್ ಎಂಬುವನು ಅಡ್ಡಬಂದು ತಡೆದನು. ತಲೆಗೆ ತಲೆ ತಾಗಿತು. ಬರ್ಜೆಸನ ಕೆನ್ನೆಯ ಮೂಳೆ ಮುರಿಯಿತು. ಆತನು ಆ ಮುರಿದ ಮೂಳೆಯೊಡನೆಯೇ ಪೂರ್ತಿ ಎಂಬತ್ತು ನಿಮಿಷ ಆಡಿದನು. ಅವನ ಪಕ್ಷವು ೩೦ಕ್ಕೆ ೬ರಂತೆ ಗೆದ್ದಿತು. ೧೯೭೧ರಿಂದೀಚೆಗೆ ನಾಲ್ವತ್ತಮೂರು ವರುಷಗಳ ಮೇಲೆ ಅವರಿಗೆ ಪ್ರಶಸ್ತಿ ಲಭಿಸಿತು. ಪಂದ್ಯದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕ್ಲೈವ್ ಚರ್ಚಿಲ್ ಪದಕವೂ ಬರ್ಜೆಸನಿಗೇ ಸಂದಿತು. ಅದೇ ಸೌತ್ ಸಿಡ್ನಿಯ ನಾಯಕ ಜಾನ್ ಸ್ಯಾಟ್ಲರ್ ೧೯೭೦ರ ಅಂತಿಮ ಪಂದ್ಯದಲ್ಲಿ ಮುರಿದ ದವಡೆಯೊಡನೆ ಕೊನೆಯವರೆಗೂ ಆಡಿ ಗೆದ್ದಿದ್ದನು. ಆದುದರಿಂದ ಜನರು ಎರಡು ಕಥೆಗಳನ್ನೂ ಒಂದೇ ಉಸಿರಿನಲ್ಲಿ ಹೇಳತೊಡಗಿದರು.

ನಾವು ಬರೆಯಹೊರಟಿರುವುದು ಬರ್ಜೆಸನ ವಿಷಯವನ್ನಲ್ಲ. ತಾಗಿದ ತಲೆಗಳು ಎರಡಷ್ಟೆ. ಮತ್ತೊಂದು ತಲೆ ಯಾರದು, ಅದು ಎಲ್ಲಿಂದ ಅಲ್ಲಿಗೆ ಬಂದಿತು, ಆಮೇಲೆ ಏನಾಯಿತು ಎಂಬುದೇ ನಮ್ಮ ಪ್ರಸ್ತಾಪ. ವಿಚಿತ್ರವೇನೆಂದರೆ, ಆಸ್ಟ್ರೇಲಿಯದ ಆ ಮಹೋತ್ಸವದಲ್ಲಿ ಮೊದಲು ಡಿಕ್ಕಿಹೊಡೆದ ಇವರಿಬ್ಬರೂ ಇಂಗ್ಲೆಂಡಿನವರು. ಒಬ್ಬನು ಯಾರ್ಕ್‌ಷೈರಿನ ಡ್ಯೂಸ್‌ಬರಿಯವನು, ಇನ್ನೊಬ್ಬನು ಲಿವರ್‌ಪೂಲಿನ ಬಳಿಯ ಮಾಘಲ್ ಎಂಬ ಊರಿನವನು. ಸ್ವದೇಶದ ಪರವಾಗಿ ಒಂದೇ ಅಂಗಿಯನ್ನು ತೊಟ್ಟು ಆಡಿದ ಒಡನಾಡಿಗಳು!

ಆಟದ ಕ್ರಮವನ್ನು ಸ್ವಲ್ಪ ತಿಳಿಸದೆ ಮುಂದುವರಿದರೆ ವಾಚಕರಿಗೆ ರುಚಿಸದು. ಒಂದೊಂದು ಪಕ್ಷಕ್ಕೆ ಹದಿಮೂರು ಜನ. ಚೆಂಡನ್ನು ಕೈಯಿಂದ ಹಿಂದಕ್ಕೆ ಮಾತ್ರ ಎಸೆಯಬಹುದು, ಮುಂದಕ್ಕೆ ಎಸೆಯಕೂಡದು. ಆದಕಾರಣ ನೆಲವನ್ನು ಗೆಲ್ಲಬೇಕಾದರೆ ಯಾರಾದರೂ ಅದನ್ನು ಹಿಡಿದುಕೊಂಡು ಎದುರಾಳಿಗಳ ಗೋಡೆಗೇ ನುಗ್ಗಬೇಕು. ನಮ್ಮ ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕಿದವನು ಔಟಾಗಿ ಹೊರಗೆ ಕುಳಿತು ಉಸಿರಾಡಿಸಿಕೊಳ್ಳುತ್ತಾನೆ. ಇಲ್ಲಿ ಸಿಕ್ಕಿದವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಹೊರಳಿಸಿಕೊಟ್ಟು ಮತ್ತೆ ಆಟಕ್ಕೆ ನಿಲ್ಲಬೇಕು. ಹೀಗೆ ಆರು ಸಲ ಸಿಕ್ಕಿಬಿದ್ದರೆ ಚೆಂಡು ಎದುರು ಪಕ್ಷದ ವಶವಾಗುವುದು. ಆಗ ತಡೆಯುವ ಸರದಿ ಇವರದು. ಈ ನುಗ್ಗುವ ಮತ್ತು ತಡೆಯುವ ಕೆಲಸದ ದೊಡ್ಡ ಪಾಲು ಫಾರ್ವರ್ಡ್ ಎಂದು ಕರೆಯಲ್ಪಡುವ ಆರು ಮಂದಿಯದು. ಅವರಲ್ಲಿಯೂ ಇಬ್ಬರಿಗೆ ಪ್ರಾಪ್ ಎಂದು ಹೆಸರು. ಆ ಮಾತಿಗೆ ಆಸರೆಯ ಕಂಬವೆಂದು ಅರ್ಥ. ಸಂಸ್ಕೃತದಲ್ಲಿ ಹೇಳುವುದಾದರೆ ಉಪಸ್ತಂಭ. ಅಂಕ ಗಳಿಸಿ ಚಪ್ಪಾಳೆ ತಟ್ಟಿಸಿಕೊಳ್ಳುವವರು ಅಂಚಿನಲ್ಲಿ ಓಡುವ ಚುರುಕುಗಾರರು. ಅವರಿಗೆ ಓಡಲು ಎಡೆಮಾಡಿಕೊಟ್ಟು ತಾನು ಮಣ್ಣುಪಾಲಾಗುವವನು ಈ ಉಪಸ್ತಂಭ. ಗ್ರೇಹಮನು ಅಂಥವನು.

ಈ ಆಟವು ಹುಟ್ಟಿದ್ದೇ ಕೂಲಿಯ ಪ್ರಶ್ನೆಯಿಂದ ಎಂಬುದನ್ನು ನಾವು ಬಹಳ ಸ್ವಾರಸ್ಯವಾಗಿ ಓದಿದೆವು. ಇಂಗ್ಲೆಂಡಿನ ಉತ್ತರಭಾಗದಲ್ಲಿ ಗಣಿಯಲ್ಲಿಯೂ ಗಿರಣಿಯಲ್ಲಿಯೂ ದುಡಿಯುವ ಜನ ಶನಿವಾರ ಆಡಲು ಹೋದರೆ ಆ ಹೊತ್ತಿನ ಕೂಲಿ ತಪ್ಪುತ್ತಿತ್ತು. ತಪ್ಪಿದ ಕೂಲಿಯನ್ನಾದರೂ ತುಂಬಿಕೊಡಿರೆಂದು ಕೇಳಿದರೆ, ಆಟವಾಡಿ ಹಣ ತೆಗೆದುಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ರಗ್ಬಿಯ ಅಧಿಕಾರಿಗಳು ನಿರಾಕರಿಸಿದರು. ಇದನ್ನು ಹೇಳಿದವರು ಕೂಲಿಯ ಗೊಡವೆಯಿಲ್ಲದವರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ೧೮೯೫ರ ಆಗಸ್ಟ್ ೨೯ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಸಂಘಗಳು ಸೇರಿ ಬೇರೆ ಒಕ್ಕೂಟವನ್ನೇ ಕಟ್ಟಿದುವು. ಆಸ್ಟ್ರೇಲಿಯದ ಕಥೆಯೂ ಇಂಥದೇ. ೧೯೦೭ರಲ್ಲಿ ಸಿಡ್ನಿಯ ಅಲೆಕ್ ಬರ್ಡನ್ ಎಂಬ ಆಟಗಾರನು ಆಡುವಾಗ ಪೆಟ್ಟುಬಿದ್ದು ಕೆಲಸಕ್ಕೆ ಹೋಗಲಾರದೆ ಮನೆಯಲ್ಲಿ ಉಳಿದನು. ಅವನಿಗೆ ಪರಿಹಾರವಾಗಿ ಒಂದು ಕಾಸೂ ಸಿಕ್ಕಲಿಲ್ಲ. ಆ ಅಸಮಾಧಾನವು ಬೆಳೆದು ೧೯೦೮ರಲ್ಲಿ ಅಲ್ಲಿಯೂ ಹೊಸ ಸ್ಪರ್ಧೆಯು ಮೊದಲಾಯಿತು. ಪೆಟ್ಟು ತಿಂದವನ ಮನೆಯಲ್ಲಿ ಒಲೆ ಉರಿಯುವುದು ಹೇಗೆ ಎಂಬ ಪ್ರಶ್ನೆ ಎರಡು ದೇಶಗಳಲ್ಲಿಯೂ ಈ ಆಟದ ತಾಯಿಬೇರು.

ಗ್ರೇಹಮನು ೧೯೮೫ರಲ್ಲಿ ಹುಟ್ಟಿದವನು. ಗಾಜಿನ ಕಾರ್ಖಾನೆಗಳಿಂದ ಹೆಸರಾದ ಸೇಂಟ್ ಹೆಲೆನ್ಸ್ ಎಂಬ ಊರಿನ ಸಂಘವು ೨೦೦೩ರಲ್ಲಿ ಅವನನ್ನು ದೊಡ್ಡವರ ಆಟಕ್ಕೆ ಇಳಿಸಿತು. ೨೦೦೬ರಲ್ಲಿ ಅವನ ಪಕ್ಷವು ಇಂಗ್ಲೆಂಡಿನ ಅಂತಿಮ ಪಂದ್ಯವನ್ನು ಗೆದ್ದಿತು. ೨೦೦೮ರಲ್ಲಿ ವರುಷದ ಶ್ರೇಷ್ಠ ಆಟಗಾರನಿಗೆ ಕೊಡುವ 'ಉಕ್ಕಿನ ಮನುಷ್ಯ' ಎಂಬ ಬಿರುದು ಅವನಿಗೆ ಬಂದಿತು. ಆದರೆ ದೈವದ ಚೇಷ್ಟೆಯನ್ನು ನೋಡಿರಿ. ೨೦೦೭ರಿಂದ ೨೦೧೧ರವರೆಗೆ ಐದು ವರುಷ ಒಂದೂ ತಪ್ಪದೆ ಅವನ ಪಕ್ಷವು ಅಂತಿಮ ಪಂದ್ಯವನ್ನು ಮುಟ್ಟಿತು. ಐದು ಸಲವೂ ಸೋತಿತು. ಪ್ರತಿವರುಷವೂ ಪರೀಕ್ಷೆಯಲ್ಲಿ ಕೊನೆಯ ಪತ್ರಿಕೆಯವರೆಗೆ ಚೆನ್ನಾಗಿ ಬರೆದು, ಅದೊಂದರಲ್ಲಿ ತಪ್ಪಿ ಮನೆಗೆ ಹೋಗುವ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ಐದನೆಯ ವರುಷಕ್ಕೂ ಮುಖ ತೋರಿಸಿದವರನ್ನು ಕಂಡದ್ದು ವಿರಳ.

೨೦೧೨ರಲ್ಲಿ ಆತನು ಸಿಡ್ನಿಯ ಕ್ಯಾಂಟರ್ಬರಿ-ಬ್ಯಾಂಕ್ಸ್‌ಟೌನ್ ಸಂಘವನ್ನು ಸೇರಿದನು. ಇಂಗ್ಲೆಂಡಿನ ಫಾರ್ವರ್ಡುಗಳು ಅತ್ತ ಹೋಗುವುದು ಹೊಸದಲ್ಲ. ಇದೇ ಸೇಂಟ್ ಹೆಲೆನ್ಸಿನಿಂದ ಡಿಕ್ ಹಡರ್ಟ್ ಎಂಬುವನು ೧೯೬೪ರಲ್ಲಿ ಸಿಡ್ನಿಯ ಸೇಂಟ್ ಜಾರ್ಜ್ ಸಂಘಕ್ಕೆ ಹೋಗಿ ೧೯೬೬ರ ಅಂತಿಮ ಪಂದ್ಯದಲ್ಲಿ ಅಂಕ ಗಳಿಸಿದ್ದನು. ಮಾಲ್ಕಮ್ ರೈಲಿ ಎಂಬುವನು ೧೯೭೧ರಲ್ಲಿ ಹೋಗಿ ಮ್ಯಾನ್ಲಿ ಸಂಘದೊಡನೆ ಎರಡು ಪ್ರಶಸ್ತಿಗಳನ್ನು ಗೆದ್ದಿದ್ದನು. ಅಲ್ಲಿನ ಸ್ಪರ್ಧೆಯೇ ಜಗತ್ತಿನಲ್ಲಿ ಅತ್ಯಂತ ಕಠಿಣವಾದದ್ದೆಂದು ಆಟವನ್ನು ಬಲ್ಲವರು ಹೇಳುತ್ತಾರೆ. ತನ್ನ ಊರಿನಲ್ಲಿ ಮೇಲಾದವನಿಗೆ ಅಲ್ಲಿ ಹೋಗಿ ತನ್ನ ಬೆಲೆಯನ್ನು ತೂಗಿ ನೋಡಬೇಕೆಂಬ ಆಸೆ ಹುಟ್ಟುವುದು ಸಹಜ. ಶಾಸ್ತ್ರವನ್ನು ಓದಿದವನು ಕಾಶಿಗೆ ಹೋಗಿ ವಿದ್ವಾಂಸರ ಮುಂದೆ ವಾಕ್ಯಾರ್ಥ ಮಾಡಿ ಬರುತ್ತಿದ್ದಂತೆ ಎನ್ನೋಣ.

ಮೊದಲ ವರುಷವೇ ಅಲ್ಲಿಯೂ ಅಂತಿಮ ಪಂದ್ಯ. ಮೆಲ್ಬರ್ನಿಗೆ ೧೪, ಇವರಿಗೆ ೪. ಸೋಲಿನೊಡನೆ ಅಪಕೀರ್ತಿಯೂ ಬಂದಿತು. ಗುದ್ದಾಟದಲ್ಲಿ ಎದುರಾಳಿಯ ಕಿವಿಯನ್ನು ಕಚ್ಚಿದನೆಂದು ಆರೋಪವಾಯಿತು, ಆತನು ಒಪ್ಪಲಿಲ್ಲ, ನ್ಯಾಯಮಂಡಲಿಯು ತಪ್ಪಿತಸ್ಥನೆಂದು ತೀರ್ಮಾನಿಸಿ ಹನ್ನೆರಡು ಪಂದ್ಯಗಳಿಂದ ದೂರವಿಟ್ಟಿತು. ಇದನ್ನು ಮುಚ್ಚಿ ಬರೆಯುವುದು ಸರಿಯಲ್ಲ. ಪರದೇಶಕ್ಕೆ ಹೋದ ಮೊದಲ ವರುಷದಲ್ಲಿಯೇ ಇಂಥ ಕಳಂಕವನ್ನು ಹೊತ್ತವನು ಗಂಟುಕಟ್ಟಿಕೊಂಡು ಹಿಂದಿರುಗಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಈತನು ನಿಂತನು. ಮುಂದೆ ಅದೇ ಸಂಘಕ್ಕೆ ನಾಯಕನೂ ಆದನು. ಕೆಂಚುಗೂದಲಿನ ಈ ಆಳು ಬರಿಯ ಮೈಬಲದವನಲ್ಲ. ಎದುರಾಳಿಗಳ ಸಾಲು ಮೈಮೇಲೆ ಬೀಳುವ ಕ್ಷಣದವರೆಗೂ ಚೆಂಡನ್ನು ಹಿಡಿದಿದ್ದು, ಅವರು ತನ್ನನ್ನೇ ಹಿಡಿಯುವರೆಂದು ಖಚಿತವಾದ ಮೇಲೆ ಪಕ್ಕದವನಿಗೆ ದಾಟಿಸುತ್ತಿದ್ದನು. ಚೆಂಡು ಹೋದರೂ ಪೆಟ್ಟು ಮಾತ್ರ ಇವನಿಗೇ. ಆ ಪೆಟ್ಟಿನ ಬೆಲೆಗೆ ಇನ್ನೊಬ್ಬನು ಹತ್ತು ಗಜ ನೆಲವನ್ನು ಗೆಲ್ಲುತ್ತಿದ್ದನು.

೨೦೧೪ರ ಪಂದ್ಯವನ್ನು ಆಗಲೇ ಹೇಳಿದ್ದೇವೆ. ಅದು ಅವನ ಏಳನೆಯ ಸೋಲು. ೨೦೧೮ರಲ್ಲಿ ಸೇಂಟ್ ಜಾರ್ಜ್ ಇಲ್ಲವಾರ ಸಂಘಕ್ಕೆ ಬದಲಾದನು. ಅದಕ್ಕೆ ಮುನ್ನ ೨೦೧೭ರ ಡಿಸೆಂಬರ್ ೨ರಂದು ಬ್ರಿಸ್ಬೇನಿನಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆದಿತ್ತು. ಈ ಸಲ ಗ್ರೇಹಮನೂ ಬರ್ಜೆಸನೂ ಒಂದೇ ಕಡೆಗೆ ನಿಂತು ಆಡಿದರು. ಆಸ್ಟ್ರೇಲಿಯಕ್ಕೆ ಆರು, ಇಂಗ್ಲೆಂಡಿಗೆ ಸೊನ್ನೆ.

೨೦೨೦ರಲ್ಲಿ ಆತನು ಊರಿಗೆ ಹಿಂದಿರುಗಿ ಸೇಂಟ್ ಹೆಲೆನ್ಸಿನ ಪರವಾಗಿ ಮತ್ತೆ ಆಡಿದನು. ಆಗ ಮೂವತ್ತೈದು ವರುಷ. ಮಹಾಮಾರಿಯ ದೆಸೆಯಿಂದ ನವೆಂಬರ್ ೨೭ರ ಅಂತಿಮ ಪಂದ್ಯಕ್ಕೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಹಲ್ ಪಟ್ಟಣದ ಬರಿದಾದ ಮೈದಾನದಲ್ಲಿ ವಿಗನ್ ಪಕ್ಷದೊಡನೆ ಆಟ. ಎಂಬತ್ತು ನಿಮಿಷಗಳೂ ಮುಗಿಯುವ ಹೊತ್ತಿಗೆ ನಾಲ್ಕಕ್ಕೆ ನಾಲ್ಕು ಸಮ. ಸೇಂಟ್ ಹೆಲೆನ್ಸಿನವನೊಬ್ಬನು ದೂರದಿಂದ ಒದ್ದ ಚೆಂಡು ಗೋಲಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು. ಕಾಲ ಮುಗಿದ ಸದ್ದು ಆಗಿಹೋಗಿದ್ದರೂ ಆಟ ನಿಂತಿರಲಿಲ್ಲ. ಜ್ಯಾಕ್ ವೆಲ್ಸ್‌ಬಿ ಎಂಬ ತರುಣನು ಓಡಿಬಂದು ಉರುಳುತ್ತಿದ್ದ ಚೆಂಡನ್ನು ನೆಲಕ್ಕೆ ಒತ್ತಿದನು. ಎಂಟಕ್ಕೆ ನಾಲ್ಕು. ಗ್ರೇಹಮನ ಕಡೆಯ ಪಂದ್ಯವು ಗೆಲುವಾಯಿತು. ಈ ಭಾಗವನ್ನು ಓದುವಾಗ, ನಾವು ಈ ಆಟದ ಗಂಧವೂ ಇಲ್ಲದವರಾದರೂ, ಸುಮ್ಮನೆ ಕುಳಿತಿರಲಾರದೆ ಎದ್ದು ನಿಂತೆವು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಮಕ್ಕಳಿಗೆ ಹೇಳಲು ಚೆನ್ನಾಗಿರುವುದು. ಆದರೆ ಕೂಲಿಯ ಲೆಕ್ಕ ಮುಗಿದಿರಲಿಲ್ಲ. ಎರಡು ದೇಶಗಳಲ್ಲಿ ಸೇರಿ ನಾನೂರಕ್ಕೂ ಹೆಚ್ಚು ಪಂದ್ಯಗಳಲ್ಲಿ ಮುಂದಾಳಾಗಿ ನುಗ್ಗಿದ ಆ ತಲೆಯು ಏನಾಗಿದೆ ಎಂಬ ಪ್ರಶ್ನೆಯನ್ನು ಗ್ರೇಹಮನು ತಾನೇ ಎತ್ತಿದನು. ನಿವೃತ್ತನಾದ ಮೇಲೆ ತನ್ನ ಮಿದುಳಿನ ಪರೀಕ್ಷೆಯನ್ನು ಮಾಡಿಸಿಕೊಂಡು, ವೈದ್ಯರೊಡನೆಯೂ ಹಳೆಯ ಆಟಗಾರರೊಡನೆಯೂ ಬಹಿರಂಗವಾಗಿ ಇದೇ ವಿಷಯವನ್ನು ಮಾತನಾಡಿ, ಅದನ್ನು ಕೇಳುಗರಿಗಾಗಿ ಸರಣಿಯಾಗಿ ಪ್ರಸಾರ ಮಾಡಿದನು. ತಲೆಗೆ ಪದೇ ಪದೇ ಬಿದ್ದ ಪೆಟ್ಟುಗಳಿಂದ ಮಿದುಳಿನಲ್ಲಿ 'ಟೌ' ಎಂಬ ಪ್ರೋಟೀನು ಕೆಟ್ಟರೀತಿಯಲ್ಲಿ ಕಟ್ಟಿಕೊಂಡು, ಅನೇಕ ವರುಷಗಳ ಮೇಲೆ ನೆನಪನ್ನೂ ಸ್ವಭಾವವನ್ನೂ ಕೆಡಿಸುವ ವ್ಯಾಧಿಯೊಂದುಂಟು. ಮನುಷ್ಯನು ತೀರಿಕೊಂಡ ತರುವಾಯ ಮಿದುಳನ್ನು ಸೀಳಿ ನೋಡಿದಲ್ಲದೆ ಅದು ನಿಶ್ಚಯವಾಗದು. ಆಸ್ಟ್ರೇಲಿಯದಲ್ಲಿ ಇಬ್ಬರು ಮಾಜಿ ರಗ್ಬಿ ಲೀಗ್ ಆಟಗಾರರ ಮಿದುಳುಗಳಲ್ಲಿ ಅದು ಕಂಡುಬಂದಿತೆಂದು ೨೦೧೯ರಲ್ಲಿ ಪ್ರಕಟವಾಯಿತು. ಮುರಿದ ದವಡೆಯ ವೀರನೆಂದು ಹೊಗಳಿಸಿಕೊಂಡ ಸ್ಯಾಟ್ಲರನು ಕಡೆಯ ವರುಷಗಳಲ್ಲಿ ಮರೆವಿನ ರೋಗದಿಂದ ನರಳಿ ೨೦೨೩ರಲ್ಲಿ ತೀರಿಕೊಂಡನು. ಆಟದ ಪೆಟ್ಟುಗಳೇ ಅದಕ್ಕೆ ಕಾರಣವೆಂದು ನಾವು ಹೇಳುತ್ತಿಲ್ಲ. ಹೇಳಲು ನಮಗೆ ಅಧಿಕಾರವೂ ಇಲ್ಲ.

ಬರ್ಜೆಸನ ಶರೀರವೂ ಬಹಳ ಕಾಲ ತಾಳಲಿಲ್ಲ. ಭುಜದ ನೋವಿನಿಂದ ೨೦೧೯ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಆಟವನ್ನು ಬಿಟ್ಟನು. ಆ ವಯಸ್ಸಿನಲ್ಲಿ ನಮಗೆ ಇನ್ನೂ ಹೆಡ್‌ಮಾಸ್ತರಿಕೆಯ ಆಸೆ ಕೂಡ ಹುಟ್ಟಿರಲಿಲ್ಲ. ಉಳಿದವರು ಜೀವನವನ್ನು ಹೂಡುವ ಹೊತ್ತಿಗೆ ಇವರ ಸಂಪಾದನೆ ಮುಗಿದಿರುತ್ತದೆ. ಖರ್ಚು ಮಾತ್ರ ಮುಗಿದಿರುವುದಿಲ್ಲ. ಸಂಬಳವು ದೊಡ್ಡದೆಂದು ಹೊಟ್ಟೆಕಿಚ್ಚುಪಡುವವರು ಅದನ್ನು ಎಷ್ಟು ವರುಷಗಳಿಗೆ ಹಂಚಬೇಕೆಂಬುದನ್ನೂ ಗುಣಿಸಿ ನೋಡಬೇಕು.

ನಿಯಮಗಳು ಈಗ ಬಿಗಿಯಾಗಿವೆ. ತಲೆಗೆ ಏಟು ಬಿದ್ದಂತೆ ತೋರಿದರೆ ವೈದ್ಯನು ಆಟಗಾರನನ್ನು ಹೊರಕ್ಕೆ ಕರೆದು ಪರೀಕ್ಷಿಸುತ್ತಾನೆ. ಆಸ್ಟ್ರೇಲಿಯದಲ್ಲಿ ೨೦೨೩ರಲ್ಲಿ, ಮಿದುಳಿಗೆ ಆಘಾತವಾದವನು ಸಾಮಾನ್ಯವಾಗಿ ಹನ್ನೊಂದು ದಿನ ಆಡಕೂಡದೆಂದು ಕಟ್ಟುಮಾಡಿದರು.

ಹುಡುಗರು ಆ ಚಲಚ್ಚಿತ್ರವನ್ನು ನಮಗಾಗಿ ಮತ್ತೊಮ್ಮೆ ಹಾಕಿದರು. ಮೊದಲ ಸಲ ನಮ್ಮ ಕಣ್ಣು ಬರ್ಜೆಸನ ಕೆನ್ನೆಯ ಮೇಲೆಯೇ ಇದ್ದಿತು. ಎರಡನೆಯ ಸಲ ಗ್ರೇಹಮನನ್ನು ನೋಡಿದೆವು. ಅಷ್ಟು ಸಹಸ್ರ ಜನರ ಕೂಗಿನ ನಡುವೆ ಆ ತಲೆಯನ್ನು ವಿಚಾರಿಸಿದವರು ನಮಗೆ ಕಾಣಲಿಲ್ಲ. ಮುಂದಿನ ಓಟಗಾರನು ಆಗಲೇ ಚೆಂಡನ್ನು ಹಿಡಿದು ಬರುತ್ತಿದ್ದನು.