ವೈದ್ಯರ ಚೀಟಿ ನಕಲು ಚೀಟಿಯಾಗದಿರಲಿ

ಪರೀಕ್ಷೆಯ ದಿನಗಳು ಹತ್ತಿರ ಬಂದಂತೆ ವೈದ್ಯರ ಬಳಿಗೆ ಬರುವ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುತ್ತದೆ. ತಲೆನೋವು, ಹೊಟ್ಟೆನೋವು, ನಿದ್ರೆ ಬಾರದಿರುವುದು ಇವೆಲ್ಲ ಹಳೆಯ ದೂರುಗಳು. ಕೆಲವು ವರ್ಷಗಳಿಂದ ಹೊಸ ಬೇಡಿಕೆಯೊಂದು ಇವುಗಳ ಜೊತೆ ಸೇರಿಕೊಂಡಿದೆ.

ಮೊನ್ನೆ ಒಬ್ಬ ತಂದೆ ಮಗನನ್ನು ಕರೆದುಕೊಂಡು ಬಂದರು. ಹುಡುಗ ಆನ್‌ಲೈನ್ ಮೂಲಕ ಪದವಿ ಓದುತ್ತಿದ್ದಾನೆ. ಪರೀಕ್ಷೆಯೂ ಮನೆಯಿಂದಲೇ. ‘ಡಾಕ್ಟ್ರೇ, ಇವನಿಗೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತೆ ಅಂತ ಒಂದು ಸರ್ಟಿಫಿಕೇಟ್ ಬರೆದುಕೊಡಿ’ ಎಂದರು. ಪರೀಕ್ಷಿಸಿ ನೋಡಿದರೆ ಅಂಥ ತೊಂದರೆ ಏನೂ ಕಾಣಲಿಲ್ಲ. ಕೊನೆಗೆ ಹುಡುಗನೇ ತಲೆ ತಗ್ಗಿಸಿಕೊಂಡು ನಿಜ ಹೇಳಿದ. ಐದು ನಿಮಿಷ ಕ್ಯಾಮೆರಾ ಎದುರಿನಿಂದ ಏಳಲು ಅನುಮತಿ ಸಿಕ್ಕರೆ ಸಾಕು, ಬಚ್ಚಲುಮನೆಯಲ್ಲಿ ಇನ್ನೊಂದು ಮೊಬೈಲ್ ಇಟ್ಟಿರುತ್ತಾನಂತೆ! ನಾನು ಬರೆದುಕೊಡಲಿಲ್ಲ. ‘ಎಲ್ಲರೂ ಮಾಡೋದೇ ತಾನೇ’ ಎಂದು ಗೊಣಗುತ್ತ ತಂದೆ ಎದ್ದು ಹೋದರು.

ಅದಕ್ಕೆ ಕೆಲವು ತಿಂಗಳ ಹಿಂದೆ ಬಂದಿದ್ದ ಹುಡುಗಿಯೊಬ್ಬಳು ನನಗೆ ನೆನಪಾದಳು. ಅವಳಿಗೆ ಹನ್ನೊಂದನೆಯ ವಯಸ್ಸಿನಿಂದ ಟೈಪ್ 1 ಮಧುಮೇಹ. ದಿನವೂ ಇನ್ಸುಲಿನ್ ಬೇಕು. ಮನೆಯಲ್ಲಿ ಕುಳಿತು ಪರೀಕ್ಷೆ ಬರೆಯುತ್ತಿದ್ದಾಗ ಕೈ ನಡುಗಿ, ಮೈ ಬೆವರಿ, ಅಕ್ಷರಗಳು ಮಸುಕಾದವು. ಆದರೂ ಏಳಲಿಲ್ಲ. ಪರೀಕ್ಷೆ ಮುಗಿದ ಮೇಲೆ ತಾಯಿ ರಕ್ತ ಪರೀಕ್ಷಿಸಿದಾಗ ಸಕ್ಕರೆಯ ಪ್ರಮಾಣ 58 ಮಿಲಿಗ್ರಾಂಗೆ ಇಳಿದಿತ್ತು. ‘ಎದ್ದು ಸಕ್ಕರೆ ತಿನ್ನಬಾರದಿತ್ತೇನಮ್ಮಾ?’ ಎಂದು ಕೇಳಿದೆ. ‘ಎದ್ರೆ ಕಾಪಿ ಹೊಡೀತಿದಾಳೆ ಅಂದ್ಕೋತಾರೆ ಡಾಕ್ಟ್ರೇ’ ಎಂದಳು.

ಈ ಎರಡು ಪ್ರಸಂಗಗಳಿಗೂ ಸಂಬಂಧವಿದೆ. ಇಲ್ಲದ ಕಾಯಿಲೆಗೆ ಬರೆದುಕೊಟ್ಟ ಪ್ರತಿಯೊಂದು ಸರ್ಟಿಫಿಕೇಟೂ ನಿಜವಾದ ರೋಗಿಯ ಮಾತಿನ ಬೆಲೆಯನ್ನು ತಗ್ಗಿಸುತ್ತದೆ. ಹುಡುಗನ ಸುಳ್ಳಿಗೆ ದಂಡ ತೆರುವವಳು ಆ ಹುಡುಗಿ.

ಮನೆಯೇ ಪರೀಕ್ಷಾ ಕೊಠಡಿ

ಕೊರೊನಾ ಹಾವಳಿಯ 2020ರಲ್ಲಿ ಅಂತಿಮ ವರ್ಷದ ಪರೀಕ್ಷೆಗಳನ್ನು ಆನ್‌ಲೈನ್ ಮೂಲಕವೂ ನಡೆಸಬಹುದೆಂದು ಯುಜಿಸಿ ತಿಳಿಸಿತು. ಹಾವಳಿ ತಗ್ಗಿದ ಮೇಲೂ ಆನ್‌ಲೈನ್ ಪದವಿಗಳಲ್ಲಿ ಈ ಪದ್ಧತಿ ಉಳಿದುಕೊಂಡಿದೆ. ಮೊದಲು ಗುರುತಿನ ಚೀಟಿಯನ್ನು ಕ್ಯಾಮೆರಾಕ್ಕೆ ಹಿಡಿಯಬೇಕು. ಮೇಜು, ಗೋಡೆಗಳನ್ನು ತೋರಿಸಬೇಕು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಮೊಬೈಲ್ ಕೈಗೆಟುಕಬಾರದು. ಕಣ್ಣು ಅತ್ತಿತ್ತ ಹೊರಳಿದರೆ, ಬೇರೆ ದನಿ ಕೇಳಿಸಿದರೆ ಕಂಪ್ಯೂಟರ್ ಗುರುತು ಹಾಕಿಕೊಳ್ಳುತ್ತದೆ. ಹಿಂದಿನ ಕೊಠಡಿ ಮೇಲ್ವಿಚಾರಕರ, ಜಾಗೃತ ದಳದ ಕೆಲಸವನ್ನು ಈಗ ಒಂದು ಯಂತ್ರ ಮಾಡುತ್ತಿದೆ.

ನಕಲು ತಡೆಯಲು ನಿಯಮ ಬೇಕೇ ಬೇಕು. ಪ್ರಾಮಾಣಿಕವಾಗಿ ಓದಿದವರಿಗೆ ಅದೇ ರಕ್ಷಣೆ. ಆದರೆ ದೇಹಕ್ಕೂ ಅದರದೇ ನಿಯಮಗಳಿವೆ. ಭಯವಾದಾಗ ಅಡ್ರಿನಲಿನ್ ಹಾರ್ಮೋನು ಸ್ರವಿಸುತ್ತದೆ. ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಮೂತ್ರಕ್ಕೆ ಹೋಗಬೇಕೆನಿಸುತ್ತದೆ. ಕಷ್ಟದ ಪ್ರಶ್ನೆಗೆ ಉತ್ತರ ನೆನಪಿಸಿಕೊಳ್ಳುವಾಗ ದೃಷ್ಟಿಯನ್ನು ಮೇಲಕ್ಕೋ ಪಕ್ಕಕ್ಕೋ ಹೊರಳಿಸುವುದು ಮನುಷ್ಯನ ಸಹಜ ಅಭ್ಯಾಸ. ಪರದೆ ನೋಡುವವರು 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂದು ಕಣ್ಣಿನ ವೈದ್ಯರು ಹೇಳುತ್ತಾರೆ. ವೈದ್ಯರು ಮಾಡು ಎಂದದ್ದನ್ನೇ ಪರೀಕ್ಷೆಯ ಯಂತ್ರ ಸಂಶಯದಿಂದ ನೋಡುತ್ತದೆ! ರಕ್ತದ ಸಕ್ಕರೆಯನ್ನು ಸದಾ ಅಳೆಯುವ ಉಪಕರಣ ತೊಟ್ಟವರು ಆ ಅಂಕಿಯನ್ನು ನೋಡುವುದು ಸಾಮಾನ್ಯವಾಗಿ ಮೊಬೈಲ್‌ನಲ್ಲಿಯೇ. ಅದೂ ನಿಷಿದ್ಧವೆಂದರೆ ಅವರು ಏನು ಮಾಡಬೇಕು?

ಇದಕ್ಕೆ ಪರಿಹಾರವಿಲ್ಲದಿಲ್ಲ. ಟೈಪ್ 1 ಮಧುಮೇಹವಿರುವ ಮಕ್ಕಳು 10 ಮತ್ತು 12ನೇ ತರಗತಿಯ ಪರೀಕ್ಷೆಗೆ ಸಕ್ಕರೆ ಗುಳಿಗೆ, ಹಣ್ಣು, ತಿಂಡಿ, ನೀರು ಒಯ್ಯಬಹುದೆಂದು 2017ರಲ್ಲಿಯೇ ಸಿಬಿಎಸ್‌ಇ ಅನುಮತಿ ನೀಡಿತು. ಶಾಲಾ ಪರೀಕ್ಷೆಯಲ್ಲಿ ಸಾಧ್ಯವಾದದ್ದು ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಏಕೆ ಸಾಧ್ಯವಾಗಬಾರದು? ದೀರ್ಘ ಪರೀಕ್ಷೆಯನ್ನು ಎರಡು ಭಾಗ ಮಾಡಿ, ನಡುವೆ ಎಲ್ಲರಿಗೂ ಹತ್ತು ನಿಮಿಷ ಬಿಡುವು ಕೊಟ್ಟು, ಮುಗಿದ ಭಾಗಕ್ಕೆ ಮತ್ತೆ ಮರಳದಂತೆ ಮಾಡಿದರೆ ಬಚ್ಚಲುಮನೆಯ ಮೊಬೈಲ್‌ನಿಂದ ಪ್ರಯೋಜನವೇ ಇರದು. ಯಂತ್ರ ಹಾಕಿದ ಗುರುತನ್ನು ಅಧ್ಯಾಪಕರೊಬ್ಬರು ನೋಡಿ, ವಿದ್ಯಾರ್ಥಿಯ ಮಾತನ್ನೂ ಕೇಳಿದ ನಂತರವೇ ಕ್ರಮ ಕೈಗೊಳ್ಳಬೇಕು.

ನಿಯಮವೇ ತಪ್ಪೆನಿಸಿದರೆ ಬಹಿರಂಗವಾಗಿ ಪ್ರಶ್ನಿಸಬಹುದು. ಅಮೆರಿಕದ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ, ಪರೀಕ್ಷೆಗೆ ಮುನ್ನ ತನ್ನ ಮಲಗುವ ಕೋಣೆಯನ್ನೆಲ್ಲ ಕ್ಯಾಮೆರಾದಲ್ಲಿ ತೋರಿಸಬೇಕಾಗಿ ಬಂದುದರ ವಿರುದ್ಧ ನ್ಯಾಯಾಲಯಕ್ಕೆ ಹೋದ. ಅದು ಸಂವಿಧಾನಕ್ಕೆ ವಿರುದ್ಧವಾದ ಶೋಧನೆ ಎಂದು 2022ರ ಆಗಸ್ಟ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಕಳ್ಳದಾರಿ ಹಿಡಿಯುವುದಕ್ಕೂ ನ್ಯಾಯ ಕೇಳುವುದಕ್ಕೂ ಇರುವ ಅಂತರ ಇದೇ.

ಪಾಲಕರು ಗಮನಿಸಬೇಕಾದದ್ದು

1. ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಪರೀಕ್ಷೆಗೆ ಕೆಲವು ವಾರ ಮೊದಲೇ ವೈದ್ಯರ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಟ್ಟು, ಲಿಖಿತ ಅನುಮತಿ ಪಡೆಯಿರಿ. ಯಾವ ಔಷಧಿ, ಯಾವ ಉಪಕರಣ, ಎಷ್ಟು ಬಿಡುವು ಬೇಕೆಂಬುದು ಅದರಲ್ಲಿ ಸ್ಪಷ್ಟವಾಗಿರಲಿ.

2. ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಪರೀಕ್ಷೆ ನಿಲ್ಲಿಸಿ. ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಪರೀಕ್ಷೆ ಮತ್ತೊಮ್ಮೆ ಬರೆಯಬಹುದು.

3. ಹಿಂದಿನ ರಾತ್ರಿ ನಿದ್ರೆಗೆಟ್ಟು ಓದಿಸಬೇಡಿ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ರೆ ಅಗತ್ಯ. ಮೂತ್ರಕ್ಕೆ ಹೆದರಿ ಬೆಳಗಿನಿಂದ ನೀರು ಕುಡಿಯದಿರುವುದೂ ತಪ್ಪು.

4. ಪರೀಕ್ಷೆಯ ಹೊತ್ತಿನಲ್ಲಿ ಟಿ.ವಿ. ಆರಿಸಿ, ಮನೆಯನ್ನು ಶಾಂತವಾಗಿಡಿ. ಬಾಗಿಲ ಮರೆಯಲ್ಲಿ ನಿಂತು ಉತ್ತರ ಹೇಳಿಕೊಡಬೇಡಿ.

5. ಸುಳ್ಳು ಸರ್ಟಿಫಿಕೇಟಿಗಾಗಿ ವೈದ್ಯರನ್ನು ಒತ್ತಾಯಿಸಬೇಡಿ. 2002ರ ವೈದ್ಯಕೀಯ ವೃತ್ತಿ ನಡವಳಿಕೆಯ ನಿಯಮಗಳ ಪ್ರಕಾರ ಅಂಥ ಸರ್ಟಿಫಿಕೇಟ್ ಕೊಟ್ಟ ವೈದ್ಯರ ಹೆಸರನ್ನೇ ನೋಂದಣಿ ಪಟ್ಟಿಯಿಂದ ತೆಗೆಯಬಹುದು.

ಆ ಹುಡುಗನ ವಿಷಯಕ್ಕೆ ಬರುವುದಾದರೆ, ಅವನಿಗೂ ಒಂದು ತೊಂದರೆ ಇತ್ತು. ಎರಡು ವಿಷಯಗಳಲ್ಲಿ ಹಿಂದುಳಿದಿದ್ದ. ಅಪ್ಪನಿಗೆ ಹೇಳಲು ಹೆದರಿ ಮೂರು ವಾರದಿಂದ ಸರಿಯಾಗಿ ನಿದ್ರೆ ಮಾಡಿರಲಿಲ್ಲ. ಅದು ಚಿಕಿತ್ಸೆ ಬೇಡುವ ಆತಂಕವೇ ಹೌದು. ಅದಕ್ಕೆ ನಾನು ಸಂತೋಷದಿಂದ ಚೀಟಿ ಬರೆದುಕೊಡುತ್ತಿದ್ದೆ. ‘ಫೇಲಾದರೂ ಪರವಾಗಿಲ್ಲ, ನಿನ್ನ ಸ್ವಂತ ಉತ್ತರ ಬರಿ’ ಎಂದು ತಂದೆ ಒಂದು ಮಾತು ಹೇಳಿದ್ದರೆ ಬಹುಶಃ ಆ ಚೀಟಿಯೂ ಬೇಕಾಗುತ್ತಿರಲಿಲ್ಲ.