ಕಂಪನಿ ನಾಟಕವೂ ಒಂದು ಪಾಠಶಾಲೆಯೇ

‘ನಾಟಕದ ಹುಚ್ಚು ಹಿಡಿಯಿತೆಂದರೆ ಹುಡುಗ ಕೆಟ್ಟನೆಂದೇ ತಿಳಿಯಿರಿ’ ಎಂಬ ಮಾತನ್ನು ಹಿರಿಯರ ಬಾಯಿಂದ ಕೇಳದವರು ವಿರಳ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಊರೂರು ತಿರುಗಿ, ರಾತ್ರಿಯಿಡೀ ಜನರನ್ನು ರಂಜಿಸಿದ ವೃತ್ತಿ ನಾಟಕ ಮಂಡಳಿಗಳ ಬಗೆಗೆ ವಿದ್ಯಾವಂತರಿಗಿದ್ದ ತಾತ್ಸಾರವೆಲ್ಲವೂ ಈ ಮಾತಿನಲ್ಲಿ ಅಡಗಿದೆ. ಅದು ಇನ್ನೂ ಪೂರ್ತಿ ಅಳಿದಿಲ್ಲ. ಸ್ನೇಹ ಸಮ್ಮೇಳನದ ನಾಟಕವನ್ನು ಪಾಠಕ್ಕೆ ಒದಗಿದ ವಿಘ್ನವೆಂದು ಎಣಿಸುವ ಶಿಕ್ಷಕ ಬಂಧುಗಳು ಇಂದಿಗೂ ಇದ್ದಾರೆ. ಅವರಲ್ಲಿ ನಾಲ್ಕು ಮಾತುಗಳನ್ನು ವಿನಯಪೂರ್ವಕವಾಗಿ ಬಿನ್ನವಿಸಬಯಸುತ್ತೇನೆ.

ಅಕ್ಷರವು ಕೆಲವರ ಸೊತ್ತಾಗಿದ್ದ ಆ ಕಾಲದಲ್ಲಿ ನಾಟಕವು ಎಲ್ಲರ ಸೊತ್ತಾಗಿತ್ತು. ಉತ್ತರ ಕರ್ನಾಟಕದಲ್ಲಿ ಮರಾಠಿ ನಾಟಕಗಳೇ ಮೆರೆಯುತ್ತಿದ್ದಾಗ ಕನ್ನಡದಲ್ಲಿ ನಾಟಕಗಳನ್ನು ರಚಿಸಿ ಆಡಿಸಿದವರು ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು (1856–1920). 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘವು ಮುಂದೆ ವೀರಣ್ಣನವರ ಕೈಯಲ್ಲಿ ನಾಡಿನ ಮನೆಮಾತಾಯಿತು. ವರದಾಚಾರ್ಯರು, ವಾಮನರಾವ್ ಮಾಸ್ತರರು, ಗರುಡ ಸದಾಶಿವರಾಯರು ಮೊದಲಾದವರು ತಮ್ಮ ತಮ್ಮ ಮಂಡಳಿಗಳಿಂದ ಕೀರ್ತಿ ಪಡೆದರು. ಧ್ವನಿವರ್ಧಕವಿಲ್ಲದ ಆ ರಂಗದಲ್ಲಿ ಕಟ್ಟಕಡೆಯ ಸಾಲಿನವನಿಗೂ ಮಾತು ಸ್ಪಷ್ಟವಾಗಿ ಮುಟ್ಟಬೇಕಾಗಿತ್ತು. ಓದು ಬಾರದ ರೈತನು ಹರಿಶ್ಚಂದ್ರನ ಸತ್ಯನಿಷ್ಠೆಯನ್ನು ಕಂಡದ್ದು ಪುಸ್ತಕದಲ್ಲಲ್ಲ, ರಂಗದ ಮೇಲೆ.

ಈ ಮಂಡಳಿಗಳಲ್ಲಿ ದೋಷವಿರಲಿಲ್ಲವೆಂದು ನಾನು ವಾದಿಸುವುದಿಲ್ಲ. ಅಗ್ಗದ ಹಾಸ್ಯವಿತ್ತು, ಕಥೆಗಿಂತ ಆಡಂಬರವೇ ಮಿಗಿಲಾದ ಸಂದರ್ಭಗಳಿದ್ದವು. ಗುಬ್ಬಿಯವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಆದರೆ ಬಾಲಕನಾಗಿ ಅದೇ ಸಂಘವನ್ನು ಸೇರಿದ ಬಿ. ವಿ. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ‘ಹುಡುಗ ಕೆಟ್ಟ’ ಎನ್ನುವವರು ಇದಕ್ಕೆ ಏನೆಂದಾರು?

ಇದಕ್ಕಿಂತ ದೊಡ್ಡ ಸಾಕ್ಷಿ ಗದುಗಿನಲ್ಲಿದೆ. ಅಂಧರಾದ ಪಂಚಾಕ್ಷರ ಗವಾಯಿಗಳು (1892–1944) ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಉಣಿಸಿದ ವೀರೇಶ್ವರ ಪುಣ್ಯಾಶ್ರಮದ ನೆರವಿಗೆ ನಾಟಕ ಸಂಘವೂ ನಿಂತಿತು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010), ತಾವೂ ಅಂಧರಾಗಿದ್ದು, ನಾಟಕಗಳನ್ನು ಬರೆದರು. ಲೋಕವು ಹಗುರಾಗಿ ಕಂಡ ಕಲೆಯನ್ನು ಆ ಪೂಜ್ಯರು ಕಾಯಕವೆಂದು ಬಗೆದು ದಾಸೋಹಕ್ಕೆ ಹಚ್ಚಿದರು. ಮಠದ ನೆರಳಿನಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗೆ ಇದಕ್ಕಿಂತ ಮಿಗಿಲಾದ ಮೇಲ್ಪಂಕ್ತಿ ಬೇಕೆ?

ಆದುದರಿಂದ ನನ್ನ ಬಿನ್ನಹ ಇಷ್ಟೇ. ಶಿಕ್ಷಕರು ನಾಟಕದ ತಾಲೀಮಿಗೆ ವೇಳಾಪತ್ರಿಕೆಯಲ್ಲಿ ವಾರಕ್ಕೊಂದು ಅವಧಿಯನ್ನಾದರೂ ಮೀಸಲಿಡಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವ ನಾಟಕದ ಕೈಬರಹಗಳನ್ನೂ ಕರಪತ್ರಗಳನ್ನೂ ಶಾಲೆಯ ಗ್ರಂಥಾಲಯಕ್ಕೆ ತಂದೊಪ್ಪಿಸಲಿ. ದಾನಿಗಳು ಕಟ್ಟಡಕ್ಕೆ ಕಲ್ಲು ಕೊಟ್ಟಂತೆ ಒಂದು ರಂಗಮಂಚಕ್ಕೂ ಕೈ ನೀಡಲಿ. ಹತ್ತು ಜನರೆದುರು ನಿಂತು ಅಳುಕದೆ ಶುದ್ಧ ಕನ್ನಡವನ್ನಾಡಬಲ್ಲ ಮಗುವನ್ನು ಕೆಟ್ಟುಹೋದ ಮಗುವೆಂದು ಯಾರೂ ಕರೆಯಲಾರರು.