ಲೆಗ್ಗಿಂಗ್ಸ್‌ನ ಚೀಟಿ ಕನ್ನಡದಲ್ಲೂ ಮಾತಾಡಲಿ

ಜೋಸೆಫ್ ಪಿಲಾಟೆಸ್ ಅವರ ಹಳೆಯ ಫೋಟೊಗಳನ್ನು ನೋಡಿದವರಿಗೆ ಅವರ ಹೆಸರಿನ ವ್ಯಾಯಾಮಕ್ಕೆ ಬಟ್ಟೆಯ ಚಿಂತೆ ಯಾಕೆ ಅನ್ನಿಸಿದರೆ ಆಶ್ಚರ್ಯವಿಲ್ಲ. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1920ರ ದಶಕದಲ್ಲಿ ನ್ಯೂಯಾರ್ಕಿಗೆ ಬಂದು ಎಂಟನೇ ಅವೆನ್ಯೂದಲ್ಲಿ ವ್ಯಾಯಾಮಶಾಲೆ ತೆರೆದ ಈ ಮನುಷ್ಯ ಹೆಚ್ಚಿನ ಚಿತ್ರಗಳಲ್ಲಿ ಬರೀ ಚಡ್ಡಿಯಲ್ಲಿದ್ದಾರೆ. ಅವರಲ್ಲಿಗೆ ಬರುತ್ತಿದ್ದ ನರ್ತಕಿಯರಿಗೆ ನೃತ್ಯದ ತಾಲೀಮಿನ ಮೈಗಂಟಿದ ಉಡುಪೇ ಸಾಕಾಗುತ್ತಿತ್ತು. ಪಿಲಾಟೆಸ್‌ಗೆಂದೇ ಒಂದು ‘ಸೆಟ್’, ಅದಕ್ಕೊಪ್ಪುವ ಬಣ್ಣದ ಸಾಕ್ಸು, ನೀರಿನ ಬಾಟಲಿ, ಚೀಲ ಇವೆಲ್ಲ ಬಹಳ ತಡವಾಗಿ ಬಂದವು.

ಈಗ ಬೆಂಗಳೂರಿನ ಇಂದಿರಾನಗರ, ಜಯನಗರ, ವೈಟ್‌ಫೀಲ್ಡ್‌ಗಳಲ್ಲಿ ಪಿಲಾಟೆಸ್ ಸ್ಟುಡಿಯೊಗಳಿವೆ. ದೀಪಿಕಾ ಪಡುಕೋಣೆಯಂಥ ತಾರೆಯರು ಸ್ಪ್ರಿಂಗ್ ಕಟ್ಟಿದ ರಿಫಾರ್ಮರ್ ಎಂಬ ಸಾಧನದ ಮೇಲೆ ಕಸರತ್ತು ಮಾಡುವ ವಿಡಿಯೊಗಳನ್ನು ಕಂಡು ಸೇರಿದವರಿದ್ದಾರೆ. ಹೆರಿಗೆಯ ನಂತರ, ಬೆನ್ನುನೋವಿನ ನಂತರ ಬಂದವರೂ ಇದ್ದಾರೆ. ಇವರೆಲ್ಲರಿಗೂ ಮೊದಲ ದಿನವೇ ಎದುರಾಗುವುದು ಒಂದೇ ಪ್ರಶ್ನೆ: ಏನು ಹಾಕಿಕೊಂಡು ಹೋಗಬೇಕು? ಉತ್ತರ ಕೊಡಲು ಜಾಹೀರಾತುಗಳು ತುದಿಗಾಲಲ್ಲಿ ನಿಂತಿವೆ. ಆದರೆ ಕೊಳ್ಳುವವಳಿಗೆ ನಿಜಕ್ಕೂ ಬೇಕಾದ ನಾಲ್ಕು ಮಾತುಗಳು, ಅಂದರೆ ಬಟ್ಟೆಯಲ್ಲಿ ಯಾವ ನೂಲು ಎಷ್ಟಿದೆ, ಎಷ್ಟು ದಪ್ಪವಿದೆ, ಬಗ್ಗಿದಾಗ ಏನಾಗುತ್ತದೆ, ಹೇಗೆ ಒಗೆಯಬೇಕು ಎಂಬುದು, ಆ ಜಾಹೀರಾತುಗಳಲ್ಲಿ ಸಿಗುವುದಿಲ್ಲ. ಈ ಮೌನಕ್ಕೆ ದಂಡ ತೆರುವುದು ಕೊಂಡವಳ ಪರ್ಸು; ಕೆಲವೊಮ್ಮೆ ಅವಳ ಆತ್ಮವಿಶ್ವಾಸ ಕೂಡ.

2013ರ ಪ್ರಕರಣವೊಂದು ಇದಕ್ಕೆ ಸಾಕ್ಷಿ. ಕೆನಡಾದ ವ್ಯಾಂಕೂವರ್‌ನಲ್ಲಿ 1998ರಲ್ಲಿ ಶುರುವಾದ ಲುಲುಲೆಮನ್, ಯೋಗ ಮತ್ತು ವ್ಯಾಯಾಮದ ಬಟ್ಟೆಗಳನ್ನು ದುಬಾರಿ ಬೆಲೆಗೆ ಮಾರಿ ಹೆಸರಾದ ಕಂಪನಿ. ಆ ವರ್ಷದ ಮಾರ್ಚಿನಲ್ಲಿ ಅದು ತನ್ನ ಕಪ್ಪು ಪ್ಯಾಂಟುಗಳನ್ನು ಅಂಗಡಿಗಳಿಂದ ವಾಪಸು ತರಿಸಿಕೊಳ್ಳಬೇಕಾಯಿತು. ಬಟ್ಟೆ ಎಳೆದರೆ ಒಳಗಿನದೆಲ್ಲ ಕಾಣುತ್ತಿತ್ತು. ಅಂಗಡಿಯಲ್ಲಿದ್ದ ಮಹಿಳೆಯರ ಪ್ಯಾಂಟುಗಳಲ್ಲಿ ಸುಮಾರು ಶೇ 17ರಷ್ಟಕ್ಕೆ ಈ ದೋಷ ತಟ್ಟಿತ್ತು. ಹಾಕಿಕೊಂಡು ಬಗ್ಗಿ ನೋಡದ ಹೊರತು ಈ ದೋಷ ತಿಳಿಯದು ಎಂದು ಅಂದಿನ ಮುಖ್ಯಸ್ಥೆಯೇ ಒಪ್ಪಿಕೊಂಡರು. ಅಷ್ಟಕ್ಕೇ ನಿಂತಿದ್ದರೆ ಅದು ಬಟ್ಟೆಯ ಕಥೆಯಾಗಿ ಮುಗಿಯುತ್ತಿತ್ತು. ನವೆಂಬರಿನಲ್ಲಿ ಸಂಸ್ಥಾಪಕ ಚಿಪ್ ವಿಲ್ಸನ್ ಟಿವಿ ಸಂದರ್ಶನದಲ್ಲಿ, ಕೆಲವು ಹೆಂಗಸರ ಮೈಕಟ್ಟೇ ಈ ಪ್ಯಾಂಟಿಗೆ ಒಗ್ಗದು ಎಂಬರ್ಥದ ಮಾತಾಡಿದರು. ಟೀಕೆಯ ಸುರಿಮಳೆಯಾಯಿತು. ಅವರು ಅಧ್ಯಕ್ಷ ಸ್ಥಾನ ಬಿಡುವ ಸುದ್ದಿ ಡಿಸೆಂಬರಿನಲ್ಲಿ ಹೊರಬಿತ್ತು.

ತಪ್ಪು ನೂಲಿನದು, ಬೈಗುಳ ತೊಡೆಗೆ. ಟ್ರಯಲ್ ರೂಮಿನಲ್ಲಿ ದಿನವೂ ನಡೆಯುವುದು ಇದೇ. ಸೊಂಟದ ಪಟ್ಟಿ ಉರುಳಿ ಕೆಳಗೆ ಬಂದರೆ ‘ನನ್ನ ಹೊಟ್ಟೆ ಜಾಸ್ತಿಯಾಯ್ತು’ ಎಂದು ಅವಳೇ ಅಂದುಕೊಳ್ಳುತ್ತಾಳೆ. ಪಟ್ಟಿ ಕಿರಿದಾಗಿರಬಹುದು, ಎಲಾಸ್ಟಿಕ್ ಸಡಿಲವಿರಬಹುದು ಎಂದು ಯಾರೂ ಹೇಳುವುದಿಲ್ಲ.

ಹಾಗಾದರೆ ಪಿಲಾಟೆಸ್ ನಿಜಕ್ಕೂ ಕೇಳುವುದೇನು? ಹೆಚ್ಚಿಲ್ಲ. ಇಲ್ಲಿ ಓಟವಿಲ್ಲ, ಜಿಗಿತ ಕಡಿಮೆ. ಮಲಗುವುದು, ಉರುಳುವುದು, ಕಾಲು ಮೇಲೆತ್ತಿ ತಡೆಯುವುದೇ ಹೆಚ್ಚು. ಬೆನ್ನಮೇಲೆ ಉರುಳುವಾಗ ಹಿಂಬದಿಯ ಜಿಪ್ಪು, ಹುಕ್ಕು, ಗಂಟುಗಳು ಬೆನ್ನುಮೂಳೆಗೆ ಚುಚ್ಚುತ್ತವೆ. ಬೋರಲು ಮಲಗಿದರೆ ಮುಂಬದಿಯವು ಎದೆಗೆ ಒತ್ತುತ್ತವೆ. ಲೋಹದ ಅಲಂಕಾರವಿದ್ದರೆ ರಿಫಾರ್ಮರಿನ ಹೊದಿಕೆ ಹರಿಯುತ್ತದೆ. ಸಡಿಲ ಟೀ ಶರ್ಟು ಕಾಲೆತ್ತಿದ ಕೂಡಲೇ ಮುಖಕ್ಕೆ ಬಂದು ಬೀಳುತ್ತದೆ. ಅಗಲ ಪಾದದ ಪ್ಯಾಂಟು, ಜಾರುವ ದುಪಟ್ಟಾ ಸ್ಪ್ರಿಂಗಿಗೆ ಸಿಕ್ಕಿಕೊಂಡರೆ ಅಪಾಯ. ಪಕ್ಕೆಲುಬು, ಸೊಂಟ, ಮಂಡಿ ಯಾವ ನೇರದಲ್ಲಿವೆ ಎಂದು ಕಲಿಸುವವರಿಗೆ ಕಾಣುವಂತಿರಬೇಕು. ಮೈಗಂಟಿದ ಬಟ್ಟೆ ಮುಜುಗರವೆನ್ನುವವರು ಚೂಡಿದಾರದ ಪ್ಯಾಂಟಿಗೆ ಟೀ ಶರ್ಟನ್ನು ಒಳಸೇರಿಸಿ ಹಾಕಿಕೊಂಡರೂ ಮ್ಯಾಟ್ ಮೇಲಿನ ವ್ಯಾಯಾಮಕ್ಕೆ ಏನೇನೂ ಕೊರತೆಯಾಗದು. ಹೊಸದಾಗಿ ಕೊಳ್ಳಲೇಬೇಕಾದದ್ದು ಒಂದಿದ್ದರೆ, ಅದು ಅಡಿಯಲ್ಲಿ ರಬ್ಬರಿನ ಚುಕ್ಕೆಗಳಿರುವ ಗ್ರಿಪ್ ಸಾಕ್ಸ್. ಅನೇಕ ಸ್ಟುಡಿಯೊಗಳು ಅದಿಲ್ಲದೆ ರಿಫಾರ್ಮರ್ ಹತ್ತಲು ಬಿಡುವುದಿಲ್ಲ.

ಒಳಉಡುಪಿನಲ್ಲೂ ದುಬಾರಿಯದೇ ಬೇಕೆಂದಿಲ್ಲ. ಇಂದು ಎಲ್ಲೆಡೆ ಕಾಣುವ ಸ್ಪೋರ್ಟ್ಸ್ ಬ್ರಾದ ಮೂಲ 1977ರ ಅಮೆರಿಕದಲ್ಲಿದೆ. ವರ್ಮಾಂಟ್‌ನ ಲೀಸಾ ಲಿಂಡಾಲ್, ಪಾಲಿ ಸ್ಮಿತ್ ಮತ್ತು ಹಿಂಡಾ ಮಿಲ್ಲರ್, ಗಂಡಸರ ಆಟದ ಲಂಗೋಟಿ ಎರಡನ್ನು ಜೋಡಿಸಿ ಹೊಲಿದು ಮೊದಲ ಮಾದರಿ ಮಾಡಿದರು. ಅವರ ತಲೆಯಲ್ಲಿದ್ದದ್ದು ಓಟ. ಓಟಕ್ಕೆ ಬೇಕಾದ ಬಿಗಿ ಪಿಲಾಟೆಸ್‌ಗೆ ಬೇಡ. ಪಕ್ಕೆಲುಬು ಅರಳುವಂತೆ ಉಸಿರೆಳೆಯುವುದು ಇಲ್ಲಿನ ಪಾಠದ ಭಾಗ, ಅತಿ ಬಿಗಿಯಾದ ಪಟ್ಟಿ ಅದಕ್ಕೇ ಅಡ್ಡಿ. ಹುಕ್ಕಿಲ್ಲದ, ಹಗುರ ಆಧಾರದ ಬ್ರಾ ಸಾಕು.

ಬಟ್ಟೆಯ ಗುಟ್ಟೆಲ್ಲ ಹಿಗ್ಗಿ ಕುಗ್ಗುವ ಒಂದು ನೂಲಿನಲ್ಲಿದೆ. ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ 1958ರಲ್ಲಿ ರೂಪಿಸಿದ ಸ್ಪ್ಯಾಂಡೆಕ್ಸ್, ನಮ್ಮ ಬಾಯಲ್ಲಿ ಲೈಕ್ರಾ, ತನ್ನ ಉದ್ದದ ಐದಾರು ಪಟ್ಟು ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಅಂಗಡಿಯ ಸಾದಾ ಹತ್ತಿ ಲೆಗ್ಗಿಂಗ್ಸ್‌ನಲ್ಲಿ ಇದು ಬಲು ಕಡಿಮೆ. ಅದಕ್ಕೇ ಕೆಲವೇ ದಿನಗಳಲ್ಲಿ ಮಂಡಿಯ ಬಳಿ ಜೋಲು ಬೀಳುತ್ತದೆ, ಬೆವರು ಹೀರಿ ತೊಯ್ದು ಭಾರವಾಗುತ್ತದೆ. ವ್ಯಾಯಾಮದ ಬಟ್ಟೆಗೆ ಶೇ 15ರಿಂದ 25ರಷ್ಟು ಸ್ಪ್ಯಾಂಡೆಕ್ಸ್ ಬೆರೆಸುವುದು ರೂಢಿ. ಉಳಿದದ್ದು ನೈಲಾನ್ ಆದರೆ ನುಣುಪು, ಬಾಳಿಕೆ ಹೆಚ್ಚು. ಪಾಲಿಯೆಸ್ಟರ್ ಆದರೆ ಬೆಲೆ ಕಡಿಮೆ, ಬೇಗ ಒಣಗುತ್ತದೆ, ಆದರೆ ವಾಸನೆ ಬಿಡದು.

ವಾಸನೆಯ ಮಾತು ಬರೀ ಗೊಣಗಾಟವಲ್ಲ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 26 ಜನರಿಗೆ ಸೈಕಲ್ ತುಳಿಸಿ, ಅವರ ಬೆವರಿದ ಟೀ ಶರ್ಟುಗಳನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತಿಗಿಂತ ಪಾಲಿಯೆಸ್ಟರ್ ಶರ್ಟುಗಳೇ ಹೆಚ್ಚು ನಾರುತ್ತಿದ್ದವು; ದುರ್ವಾಸನೆಗೆ ಕಾರಣವಾಗುವ ಮೈಕ್ರೊಕಾಕಸ್ ಬ್ಯಾಕ್ಟೀರಿಯಾ ಪಾಲಿಯೆಸ್ಟರಿನಲ್ಲಿ ಹುಲುಸಾಗಿ ಬೆಳೆದಿತ್ತು.

ಟ್ರಯಲ್ ರೂಮಿನಲ್ಲಿ ಎರಡು ನಿಮಿಷ ಹೆಚ್ಚು ಕಳೆದರೆ ಸಾಕು. ಬೆಳಕಿಗೆ ಬೆನ್ನುಕೊಟ್ಟು ಪೂರ್ತಿ ಕುಕ್ಕರಗಾಲಲ್ಲಿ ಕೂತು ಕನ್ನಡಿ ನೋಡಬೇಕು. ಬಟ್ಟೆ ಬಿಳಿಚಿಕೊಂಡು ಚರ್ಮ ಇಣುಕಿದರೆ ಅದನ್ನು ಅಲ್ಲೇ ಬಿಡಬೇಕು. ಕೈ ಮೇಲೆತ್ತಿ, ಮಂಡಿ ಎದೆಗೆ ತಂದು, ಸೊಂಟದ ಪಟ್ಟಿ ಜಾಗ ಬಿಡುತ್ತದೆಯೇ ಎಂದು ಪರೀಕ್ಷಿಸಬೇಕು. ಒಳಮಗ್ಗುಲು ತಿರುವಿ ಹೊಲಿಗೆ ಸವರಬೇಕು: ಗಾರ್ಮೆಂಟ್ಸ್‌ನವರು ಫ್ಲಾಟ್‌ಲಾಕ್ ಎನ್ನುವ ಚಪ್ಪಟೆ ಹೊಲಿಗೆ ಒತ್ತುವುದಿಲ್ಲ, ಉಬ್ಬಿದ ಹೊಲಿಗೆ ಉಜ್ಜಿ ಕೆಂಪಾಗಿಸುತ್ತದೆ. ಎರಡು ಕಾಲು ಕೂಡುವಲ್ಲಿ ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಸೇರುವ ಬದಲು ಬೇರೆ ತುಂಡು ಕೂಡಿಸಿದ್ದರೆ ಅಲ್ಲಿ ಹರಿಯುವ ಭಯ ಕಡಿಮೆ. ಬೆಲೆ ಇವುಗಳಲ್ಲಿ ಯಾವುದಕ್ಕೂ ಖಾತರಿ ಕೊಡದು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ಮೀರಿದ ಉಡುಪಿಗೆ ಶೇ 18 ಜಿಎಸ್‌ಟಿ, ಅದರೊಳಗಿನದಕ್ಕೆ ಶೇ 5. ಹೆಚ್ಚು ಕೊಟ್ಟ ಹಣದಲ್ಲಿ ಒಂದು ಪಾಲು ಸರ್ಕಾರಕ್ಕೆ ಹೋಗುತ್ತದೆ, ಬಟ್ಟೆಗೆ ಸೇರುವುದಿಲ್ಲ.

ಇಷ್ಟೆಲ್ಲ ಆರಿಸಿ ತಂದ ಬಟ್ಟೆ ಹಾಳಾಗುವುದು ಬಚ್ಚಲಲ್ಲಿ. ನಮ್ಮ ಒಗೆತದ ಪದ್ಧತಿ ಹತ್ತಿಗಾಗಿ ಹುಟ್ಟಿದ್ದು: ಬಿಸಿನೀರಲ್ಲಿ ನೆನೆಹಾಕು, ಬ್ರಷ್ ಹಾಕಿ ಉಜ್ಜು, ಕಲ್ಲಿಗೆ ಬಡಿ, ತಿರುಚಿ ಹಿಂಡು, ಖಡಕ್ ಬಿಸಿಲಿಗೆ ಹಾಕು. ಸೀರೆ, ಪಂಚೆ ತಡೆದುಕೊಳ್ಳುವ ಈ ಶಿಕ್ಷೆಯನ್ನು ಸ್ಪ್ಯಾಂಡೆಕ್ಸ್ ತಡೆಯದು. ಶಾಖ ಮತ್ತು ಕ್ಲೋರಿನ್ ಬ್ಲೀಚ್ ಅದರ ಕಡುವೈರಿಗಳು. ನೂಲು ಸೋತ ಮೇಲೆ ಬಟ್ಟೆ ನೋಡಲು ಹೊಸದರಂತೆಯೇ ಇದ್ದರೂ ಹಿಡಿತ ಹೋಗಿರುತ್ತದೆ. ಘಮಘಮ ಎನ್ನಲೆಂದು ಹಾಕುವ ಕಂಫರ್ಟ್‌ನಂಥ ದ್ರವ ನೂಲಿನ ಮೇಲೆ ಪದರವಾಗಿ ಕೂತು, ಬೆವರು ಹೊರಹಾಕುವ ಗುಣವನ್ನೇ ಕಸಿಯುತ್ತದೆ. ಕೊಳವೆಬಾವಿ ಮತ್ತು ಟ್ಯಾಂಕರಿನ ಗಡಸು ನೀರಿನ ಮನೆಗಳಲ್ಲಿ ಸೋಪು ಸರಿಯಾಗಿ ಕರಗದೆ ಬಟ್ಟೆಯಲ್ಲೇ ಉಳಿಯುತ್ತದೆ; ನೊರೆ ಬರಲಿಲ್ಲವೆಂದು ಇನ್ನಷ್ಟು ಪುಡಿ ಸುರಿದರೆ ಬಟ್ಟೆ ಮತ್ತಷ್ಟು ಒರಟಾಗುತ್ತದೆ.

ಸರಿಯಾದ ದಾರಿಯಲ್ಲಿ ಶ್ರಮ ಕಡಿಮೆಯೇ ಇದೆ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಚೀಲದಿಂದ ತೆಗೆದು ಹರವಬೇಕು. ಒಳಮಗ್ಗುಲು ತಿರುವಿ, ತಣ್ಣೀರಲ್ಲಿ, ಸ್ವಲ್ಪವೇ ಲಿಕ್ವಿಡ್ ಸೋಪಿನಲ್ಲಿ ಅದ್ದಿ ತೆಗೆದು ಎರಡು ಬಾರಿ ಜಾಲಿಸಬೇಕು. ಮಷೀನಿಗೆ ಹಾಕುವುದಾದರೆ ಜಾಲರಿ ಚೀಲದಲ್ಲಿ, ಜೀನ್ಸು ಟವೆಲುಗಳಿಂದ ದೂರವಿಟ್ಟು, ಮೆಲ್ಲಗೆ ತಿರುಗುವ ಸೈಕಲ್‌ನಲ್ಲಿ. ಹಿಂಡುವ ಬದಲು ಟವೆಲಿನಲ್ಲಿ ಸುತ್ತಿ ಒತ್ತಿ, ಗಾಳಿಯಾಡುವ ನೆರಳಲ್ಲಿ ಹರವಿದರೆ ಬೇಗ ಒಣಗುತ್ತದೆ. ಇಸ್ತ್ರಿಯ ಮಾತೇ ಬೇಡ. ಇದರಿಂದ ನೀರಿಗೂ ಉಪಕಾರವಿದೆ: ಮೆಲ್ಲಗೆ ಒಗೆದಷ್ಟೂ ಬಟ್ಟೆಯಿಂದ ಉದುರುವ ಎಳೆಗಳು ಕಡಿಮೆ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಲೆಕ್ಕ ಹಾಕಿದಂತೆ, ಆರು ಕಿಲೊ ಪಾಲಿಯೆಸ್ಟರ್ ಬಟ್ಟೆಯನ್ನು ಒಮ್ಮೆ ಒಗೆದರೆ ಸುಮಾರು 5 ಲಕ್ಷ ಸೂಕ್ಷ್ಮ ಎಳೆಗಳು ಕೊಚ್ಚಿಹೋಗಬಹುದು.

ಈ ಒಗೆತದ ವಿವರಗಳಲ್ಲಿ ಬಹುಪಾಲು ಬಟ್ಟೆಯ ಒಳಚೀಟಿಯಲ್ಲೇ ಇರುತ್ತದೆ, ಆದರೆ ಸಂಕೇತಗಳಲ್ಲಿ. ನೀರಿನ ತೊಟ್ಟಿಯೊಳಗಿನ 30 ಎಂದರೆ ನೀರು 30 ಡಿಗ್ರಿ ಮೀರಬಾರದು. ಗೀಟು ಹೊಡೆದ ತ್ರಿಕೋನವೆಂದರೆ ಬ್ಲೀಚ್ ಬೇಡ. ಚೌಕದ ಮೂಲೆಯಲ್ಲಿ ಎರಡು ಓರೆಗೆರೆಗಳಿದ್ದರೆ ನೆರಳಲ್ಲಿ ಒಣಗಿಸಬೇಕು. ಪಕ್ಕದಲ್ಲಿ ಇಂಗ್ಲಿಷ್ ಇರುತ್ತದೆ, ಕೆಲವು ಕಂಪನಿಗಳ ಚೀಟಿಯಲ್ಲಿ ಹತ್ತಾರು ಭಾಷೆಗಳಿರುತ್ತವೆ. ಕನ್ನಡ ಕಾಣುವುದು ಅಪರೂಪ. ಬಹಳಷ್ಟು ಮನೆಗಳಲ್ಲಿ ಬಟ್ಟೆ ಒಗೆಯುವುದು ಅದನ್ನು ಕೊಂಡವಳಲ್ಲ. ಅತ್ತೆ, ಅಮ್ಮ ಅಥವಾ ಮನೆಗೆಲಸದಾಕೆ. ಲೆಗ್ಗಿಂಗ್ಸ್ ಹಾಳಾದ ದಿನ ಬೈಸಿಕೊಳ್ಳುವವಳೂ ಅವಳೇ, ಚೀಟಿಯಲ್ಲಿ ಏನಿತ್ತೆಂದು ಅವಳಿಗೆ ಯಾರೂ ಹೇಳಿರುವುದಿಲ್ಲ.

ಇದರಲ್ಲೊಂದು ವಿಪರ್ಯಾಸವಿದೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗಳಲ್ಲಿ ಮಷೀನಿನ ಮುಂದೆ ಕೂತವರಲ್ಲಿ ಹೆಚ್ಚಿನವರು ಹೆಂಗಸರು. ಭಾರತದಲ್ಲಿ ಜಾಕಿ ಉಡುಪು ತಯಾರಿಸುವ ಪೇಜ್ ಇಂಡಸ್ಟ್ರೀಸ್ ಬೆಂಗಳೂರಿನದು. ಮಹಿಳೆಯರ ವ್ಯಾಯಾಮದ ಉಡುಪಿಗೆಂದೇ 2020ರಲ್ಲಿ ಹುಟ್ಟಿದ ಬ್ಲಿಸ್‌ಕ್ಲಬ್ ಕೂಡ ಇಲ್ಲಿಯದೇ. ಚೀಟಿ ಹೊಲಿಯುವ ಕೈಗೆ ಬರುವ ಭಾಷೆ ಚೀಟಿಗೆ ಮಾತ್ರ ಬರುವುದಿಲ್ಲ. ಈಗಾಗಲೇ ಹಲವು ಭಾಷೆಗಳಿಗೆ ಜಾಗವಿರುವ ಚೀಟಿಯಲ್ಲಿ ‘ತಣ್ಣೀರಲ್ಲಿ ಒಗೆಯಿರಿ, ಹಿಂಡಬೇಡಿ, ನೆರಳಲ್ಲಿ ಒಣಗಿಸಿ’ ಎಂಬ ಮೂರು ಮಾತುಗಳನ್ನು ಸೇರಿಸಲು ಆಗುವ ಖರ್ಚು ನಗಣ್ಯ. ನೂಲಿನ ಪ್ರಮಾಣ, ದಪ್ಪ ತಿಳಿಯಲು ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬುದನ್ನೂ ಬೆಲೆಯ ಪಕ್ಕದಲ್ಲೇ ಅಚ್ಚು ಹಾಕಲಿ. ಬೆಂಗಳೂರಿನ ಕಂಪನಿಗಳೇ ಇದನ್ನು ಮೊದಲು ಮಾಡಬೇಕು. ಮಾಡದಿದ್ದರೆ ರಾಜ್ಯ ಸರ್ಕಾರ ಕೇಳಬೇಕು. ಅಲ್ಲಿಯವರೆಗೆ ಕೊಳ್ಳುವವಳು ಬಿಲ್ ಮಾಡಿಸುವ ಮುನ್ನ ಕೌಂಟರಿನಲ್ಲೇ ಈ ಎರಡು ಅಂಕಿಗಳನ್ನು ಕೇಳಲಿ.